ಆರ್ಡರ್ ಕಮ್ಮಿ ಆದಾಗ ಹುಡುಗ್ರು ಕೈಬಿಟ್ಟು ಹೋಗ್ದಂಗೆ ನೋಡ್ಕೊಳ್ಳೋದು ಹೆಂಗೆ

ಹೋದ್ ವರ್ಷ ನಮ್ ಶೆಡ್ಡಿಗೆ ಸಿಎನ್‌ಸಿ (ಕಂಪ್ಯೂಟರಿಂದ ಓಡೋ, ಲೋಹ ಕತ್ತರಿಸೋ ಮಷೀನ್) ಸರ್ವಿಸ್‌ನೋರು ಬಂದ್ರು, ಮಷೀನ್ ಹಿಂದೆ ಹೋಗಿ ಮೊಬೈಲಲ್ಲಿ ಎರಡು ಫೋಟೋ ತೆಗೆದ್ರು, ಟೇಪ್ ಹಿಡಿದು ಏನೋ ಅಳತೆ ತಗೊಂಡ್ರು, ಹೋದ್ರು. ನಡೆದಿದ್ದು ಇಷ್ಟೇ. ಹತ್ತೂವರೆ ಟೀ ಹೊತ್ತಿಗೆ "ಓನರ್ರು ಮಷೀನ್ ಮಾರ್ತಾವ್ರಂತೆ" ಅಂತ ಸುದ್ದಿ, ಮಧ್ಯಾಹ್ನ ಊಟಕ್ಕೆ ಕೂರೋಷ್ಟರಲ್ಲಿ ನಮ್ ಸೆಟ್ಟರ್ (ಪ್ರತಿ ಕೆಲಸಕ್ಕೂ ಮಷೀನ್ ಹೊಂದಿಸಿ ಕೊಡೋನು) ಹಿಂದಿನ ರೋಡಿನ ಶೆಡ್ಡಿಗೆ ಫೋನ್ ಹಾಕಿ ಕೆಲಸ ಇದ್ಯಾ ಅಂತ ಕೇಳೂ ಆಗಿತ್ತು. ಅವ್ರು ಅಳತೆ ತಗೊಂಡಿದ್ದು ಕೂಲೆಂಟ್ ಟ್ಯಾಂಕಿನ ಮುಚ್ಚಳಕ್ಕೆ! ಬೈಯೋಣ ಅಂತ ಹೋದೆ, ಆಮೇಲೆ ಯೋಚ್ನೆ ಮಾಡಿದ್ರೆ ತಪ್ಪು ನಂದೇ. ಮೂರು ವಾರದಿಂದ ನೈಟ್ ಶಿಫ್ಟ್ ನಿಲ್ಸಿದ್ದೆ, ಯಾಕೆ ಅಂತ ಒಬ್ರಿಗೂ ಹೇಳಿರ್ಲಿಲ್ಲ.

ಪೀಣ್ಯ ಎರಡನೇ ಹಂತದಲ್ಲಿ 18 ಜನ ಇರೋ, ಬೇರೆ ಕಂಪನಿಗಳಿಗೆ ಪಾರ್ಟ್ಸ್ ಮಾಡಿಕೊಡೋ ಜಾಬ್ ವರ್ಕ್ ಶೆಡ್ಡು ನಂದು. ಇಲ್ಲಿ ಬರೀತಿರೋದು ನನ್ನಂಥ ಸಣ್ಣೋರಿಗೆ, ಎಚ್‌ಆರ್ ಡಿಪಾರ್ಟ್‌ಮೆಂಟ್ ಇಲ್ದೋರಿಗೆ.

ಮೊದಲ್ನೇದು ಸಂಬಳದ ತಾರೀಖು, ಇದೊಂದು ಸರಿ ಇಲ್ಲ ಅಂದ್ರೆ ಮುಂದಿಂದು ಓದೋದೇ ಬೇಡ. 7ನೇ ತಾರೀಖು ಅಂದ್ರೆ 7ನೇ ತಾರೀಖು. ಲಗ್ಗೆರೆ, ರಾಜಗೋಪಾಲನಗರದ ಕಡೆ ಮನೆ ಮಾಡ್ಕೊಂಡಿರೋ ಹುಡುಗ್ರಿಗೆ ಬಾಡಿಗೆ, ಚೀಟಿ ದುಡ್ಡು, ಬೈಕಿನ ಇಎಂಐ ಎಲ್ಲಾ ಅದೇ ವಾರದಲ್ಲಿ ಬರುತ್ತೆ. ನಿಜವಾಗ್ಲೂ ಆಗಲ್ವಾ, 1ನೇ ತಾರೀಖೇ ಹೇಳ್ಬಿಡಿ, 7ರ ಸಾಯಂಕಾಲ ಫೋನ್ ಸ್ವಿಚ್ ಆಫ್ ಮಾಡ್ಬೇಡಿ. ಎಲ್ರಿಗೂ ಅರ್ಧ ಹಾಕಿ, ಉಳಿದಿದ್ದು ಯಾವತ್ತು ಅಂತ ತಾರೀಖು ಕೊಡಿ, ಆ ತಾರೀಖು ಮಾತ್ರ ತಪ್ಪಬಾರ್ದು. ಪಿಎಫ್ ಮುಂದಿನ ತಿಂಗಳು 15ರೊಳಗೆ ಕಟ್ಬೇಕು, ಸ್ವಲ್ಪ ತಡ ಆದ್ರೆ ಯಾರಿಗ್ ಗೊತ್ತಾಗುತ್ತೆ ಅನ್ಕೋಬೇಡಿ, ಉಮಂಗ್ ಆ್ಯಪಲ್ಲಿ ಪಾಸ್‌ಬುಕ್ ನೋಡೋದು ಹೆಲ್ಪರ್ ಹುಡುಗಂಗೂ ಗೊತ್ತು. ಇಎಸ್‌ಐ ಅಂತೂ ತಪ್ಪಿಸ್ಲೇಬೇಡಿ, ಮನೇಲಿ ಯಾರಿಗೋ ಹುಷಾರಿಲ್ದಾಗ ಆಸ್ಪತ್ರೇಲಿ ಹೋಗಿ ನಿಂತಾಗ ಕಾರ್ಡ್ ನಡೀಲಿಲ್ಲ ಅಂದ್ರೆ ಆ ಮನುಷ್ಯ ಜೀವಮಾನದಲ್ಲಿ ನಿಮ್ಮನ್ನ ನಂಬಲ್ಲ.

ದುಡ್ಡೆಲ್ಲಿಂದ ತರೋದು ಅಂತೀರಾ, ನಮ್ ದುಡ್ಡು ಕಸ್ಟಮರ್ ಹತ್ರಾನೇ ಸಿಕ್ಕಾಕೊಂಡಿರುತ್ತೆ. ಒಬ್ರು ನನ್ನ ಬಿಲ್ ನಾಕು ತಿಂಗಳು ಎಳೆದಿದ್ರು. ಉದ್ಯಮ್ ನಂಬರ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯ್ಸಿದ ನಂಬರ್) ಇನ್‌ವಾಯ್ಸ್ ಮೇಲೇ ಪ್ರಿಂಟ್ ಮಾಡ್ಸಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರವಣಿಗೇಲಿ ಒಪ್ಪಂದ ಇದ್ರೂ 45 ದಿನ ದಾಟೋ ಹಂಗಿಲ್ಲ, ಒಪ್ಪಂದ ಇಲ್ದಿದ್ರೆ 15 ದಿನ. ಈ ಗಡುವು ದಾಟಿದ್ರೆ, ದುಡ್ಡು ಕೊಡೋ ತನಕ ಆ ಖರ್ಚನ್ನ ಅವ್ರು ಇನ್‌ಕಮ್ ಟ್ಯಾಕ್ಸ್‌ನಲ್ಲಿ ತೋರ್ಸಕ್ಕಾಗಲ್ಲ, ಅದಕ್ಕೇ ಫೆಬ್ರವರಿ ಮಾರ್ಚಲ್ಲಿ ಅವರ ಅಕೌಂಟೆಂಟಿಗೆ ಫೋನ್ ಮಾಡಿ ನೆನಪು ಮಾಡಿದ್ರೆ ಫೈಲು ಬೇಗ ಅಲ್ಲಾಡುತ್ತೆ.

ಎರಡನೇದು ಬೋರ್ಡು. ಹಾಜರಿ ಪಂಚಿಂಗ್ ಮಷೀನ್ ಪಕ್ಕ ಒಂದು ಕರೀ ಹಲಗೆ ಹಾಕಿದೀನಿ, ಸೋಮವಾರ ಬೆಳಿಗ್ಗೆ ಮೂರೇ ಸಾಲು ಬರೀತೀನಿ: ಕೈಲಿ ಎಷ್ಟು ವಾರದ ಕೆಲಸ ಇದೆ, ಬರಬೇಕಾದ ದುಡ್ಡೆಷ್ಟು, ಈ ವಾರ ಓಟಿ (ಓವರ್‌ಟೈಮ್) ಇದ್ಯಾ ಇಲ್ವಾ. ನಮ್ ಭಾವ "ನಂಬರ್ ತೋರಿಸ್ಬೇಡ ಕಣೋ, ತಲೆ ಮೇಲೆ ಕೂರ್ತಾರೆ" ಅಂದಿದ್ರು, ಆಗಿದ್ದೇ ಬೇರೆ. ನಾಕು ಮೂಲೆ ಇರೋ ಇನ್ಸರ್ಟನ್ನ (ಲೋಹ ಕತ್ತರಿಸೋ ಸಣ್ಣ ಬಿಲ್ಲೆ, ಮೂಲೆ ಸವೆದ್ರೆ ತಿರುಗಿಸಿ ಬಳಸ್ತೀವಿ) ಎರಡು ಮೂಲೆ ಸವೆದ ತಕ್ಷಣ ಡಬ್ಬಿಗೆ ಎಸೀತಿದ್ದ ಹುಡುಗ, ಬೋರ್ಡ್ ಹಾಕಿದ ಎರಡನೇ ವಾರಕ್ಕೆ ಹಳೇ ಡಬ್ಬಿ ಸುರಿದು ಕೂತ್ಕೊಂಡು ಒಂದೊಂದಾಗಿ ತಿರುಗಿಸಿ ನೋಡಿ, ಇನ್ನೂ ಮೂಲೆ ಉಳ್ದಿರೋದನ್ನ ಬೇರೆ ಮಾಡ್ತಿದ್ದ. ನಾನು ಹೇಳಿರ್ಲಿಲ್ಲ. "ಏನಾದ್ರೂ ಆಗುತ್ತೆ ಬಿಡ್ರೋ" ಅಂತ ಮಾತ್ರ ಯಾವತ್ತೂ ಹೇಳ್ಬೇಡಿ, ಅದ್ರಷ್ಟು ಭಯ ಹುಟ್ಸೋ ಮಾತು ಇನ್ನೊಂದಿಲ್ಲ. "ಗೊತ್ತಿಲ್ಲ, ಮುಂದಿನ ಸೋಮವಾರ ಹೇಳ್ತೀನಿ" ಅನ್ನಿ, ಆ ಸೋಮವಾರ ಹೊಸದೇನೂ ಇಲ್ದಿದ್ರೂ ಹೊಸದಿಲ್ಲ ಅಂತಾನೇ ಬರೀರಿ. ಒಡಿಶಾ, ಬಿಹಾರದ ಹುಡುಗ್ರಿದ್ರೆ ಅದನ್ನೇ ಹಿಂದೀಲಿ ನೀವೇ ಬಾಯಿಬಿಟ್ಟು ಹೇಳಿ, ಬೇರೆಯವ್ರ ಬಾಯಿಂದ ಹೋದ್ರೆ ಅರ್ಧ ಮಸಾಲೆ ಸೇರಿರುತ್ತೆ.

ಓಟಿ ವಿಷ್ಯ ನಾಜೂಕು. ನಮಗದು ಹೆಚ್ಚಿನ ಖರ್ಚು, ಅವ್ರಿಗದು ಡಬಲ್ ರೇಟಿನ ದುಡ್ಡು, ಊರಿಗೆ ಕಳ್ಸೋದು ಅದ್ರಲ್ಲೇ. ಕಮ್ಮಿ ಇರೋ ಓಟಿನ ನಿಮಗೆ ಇಷ್ಟ ಆದೋರಿಗೇ ಕೊಟ್ರೆ ಶೆಡ್ಡು ಎರಡು ಭಾಗ ಆಗುತ್ತೆ, ಹೆಸರು ಬರೆದು ಸರದಿ ಮಾಡಿ.

ಮಷೀನ್ ಖಾಲಿ ನಿಂತಿದ್ದಾಗ ಹುಡುಗ್ರು ಪೊರಕೆ ಹಿಡ್ಕೊಂಡು ಗುಡಿಸಿದ್ದೇ ಗುಡಿಸ್ತಿದ್ರೆ ಅವ್ರ ತಲೇಲಿ ಬೇಡದ್ದೆಲ್ಲಾ ಓಡುತ್ತೆ. ಆ ಹೊತ್ತಲ್ಲಿ ಕಲಿಸಿ. ಆಪರೇಟರ್‌ಗೆ ಸೆಟ್ಟಿಂಗು, ಹೆಲ್ಪರ್‌ಗೆ ಮೈಕ್ರೋಮೀಟರ್ ಹಿಡಿಯೋದು, ಡ್ರಾಯಿಂಗ್ ಓದೋದು. ದಿನಾ ಒಂದು ಗಂಟೆ ಸ್ಕ್ರ್ಯಾಪ್ ಪೀಸ್ ಮೇಲೆ ನಮ್ ಸೆಟ್ಟರ್ ಕೈಲೇ ಹೇಳಿಕೊಡ್ಸಿದೆ, ಅದೇ ಫೋನ್ ಹಾಕಿದ್ದನಲ್ಲ, ಅವನೇ. ಕಲಿತು ಬೇರೆ ಕಡೆ ಹೋಗ್ಬಿಟ್ರೆ ಅಂತ ನನಗೂ ಹೆದ್ರಿಕೆ ಇತ್ತು, ಒಬ್ಬ ಹೋದ, ಇಬ್ರು ಉಳಿದ್ರು. ನಮ್ ಸೆಟ್ಟರ್‌ಗೂ "ಮೇಷ್ಟ್ರು" ಅಂತ ಕರೆಸ್ಕೊಂಡ ಮೇಲೆ ನಡಿಗೇನೇ ಬದಲಾಯ್ತು.

ಪಿಜ್ಜಾ ಪಾರ್ಟಿ, ಮೋಟಿವೇಷನ್ ಭಾಷಣ ಇವೆಲ್ಲ ಬೇಡ, ಆ ದುಡ್ಡನ್ನ ಬೋನಸ್‌ಗೆ ಇಟ್ಕೊಳ್ಳಿ. ಕಾನೂನಿನ ಕನಿಷ್ಠ 8.33 ಪರ್ಸೆಂಟು, ಈ ಸಲ ಅಷ್ಟೇ ಕೊಡೋಕಾಗೋದು ಅಂದ್ರೆ ಆಯುಧಪೂಜೆಗೆ ಒಂದು ತಿಂಗಳು ಮುಂಚೇನೇ ಹೇಳಿ. ಪೂಜೆ ದಿನ ಕುಂಬಳಕಾಯಿ ಒಡೆದಾದ್ಮೇಲೆ ಕವರ್ ಬಿಚ್ಚಿ ನೋಡಿ ಮುಖ ಸಣ್ಣದು ಮಾಡ್ಕೊಳ್ಳೋ ಹಂಗಾಗ್ಬಾರ್ದು.

ಕೊನೆಗೂ ಒಬ್ರನ್ನ ಕಳಿಸ್ಲೇಬೇಕಾಗಿ ಬಂತು ಅಂದ್ರೆ ವಾಟ್ಸಾಪಲ್ಲಿ ಹೇಳ್ಬೇಡಿ, ಕೂರಿಸ್ಕೊಂಡು ಟೀ ಕೊಟ್ಟು ಹೇಳಿ, ಸಾಧ್ಯ ಆದ್ರೆ ಒಂದು ತಿಂಗಳು ಮುಂಚೆ. ಉಳಿದ 17 ಜನ ನಿಮ್ಮ ಭಾಷಣ ಕೇಳಲ್ಲ, ಅವನನ್ನ ಹೆಂಗೆ ಕಳ್ಸಿದ್ರಿ ಅಂತ ನೋಡ್ತಾರೆ. ನಾನು ಅಕ್ಕಪಕ್ಕದ ನಾಕು ಶೆಡ್ಡಿಗೆ ನಾನೇ ಫೋನ್ ಮಾಡಿದೆ, ಮೂರನೇ ಕಡೆ ಜಾಗ ಸಿಕ್ತು. ಲೆಕ್ಕ ಚುಕ್ತಾ ಮಾಡಿ, ಎಕ್ಸ್‌ಪೀರಿಯೆನ್ಸ್ ಲೆಟರ್ ಕೈಗೆ ಕೊಟ್ಟು, ಪಿಎಫ್ ಪೋರ್ಟಲಲ್ಲಿ ಕೆಲಸ ಬಿಟ್ಟ ತಾರೀಖು ಹಾಕ್ಸಿ. ಆ ತಾರೀಖು ಹಾಕೋದನ್ನ ಬಹಳ ಜನ ಮರೀತಾರೆ, ಆಮೇಲೆ ಪಾಪ ಆ ಹುಡುಗ ತನ್ನ ದುಡ್ಡು ತಗೊಳ್ಳೋಕೆ ನಿಮ್ ಶೆಡ್ಡಿಗೇ ನಾಕು ಸಲ ಅಲೀಬೇಕಾಗಬಹುದು.