ಜಿಪ್ಸಿ ಎಂಜಿನ್ ಬಿಚ್ಚಿ, ಸೂಪರ್‌ಚಾರ್ಜರ್ ತಡೆದುಕೊಳ್ಳುವ ಹಾಗೆ ಕಟ್ಟಿದ್ದು

ಏಪ್ರಿಲ್ ತಿಂಗಳ ಮಧ್ಯಾಹ್ನ. ಮಂಗಳೂರಿಂದ ವಾಪಸ್ ಬರುತ್ತಿದ್ದೆ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಳಗಿಂದ, ಡಬ್ಬದಲ್ಲಿ ಕಾಫಿ ಬೀಜ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಇನ್ನೆರಡು ತಿರುವು ನೋಡೋಣ ಅಂದುಕೊಂಡೆ. ಅಷ್ಟರಲ್ಲಿ ಹಿಂದೆ ನೀಲಿ ಹೊಗೆ ಏಳೋಕೆ ಶುರುವಾಯಿತು. ಹೇಗೋ ಕೊಟ್ಟಿಗೆಹಾರದ ತನಕ ತಲುಪಿ ಬಾನೆಟ್ ಎತ್ತಿದರೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ತನ್ನ ಜಾಗ ಬಿಟ್ಟು ಮೇಲೆದ್ದಿದೆ, ಸುತ್ತಮುತ್ತ ಎಲ್ಲ ಆಯಿಲ್. ನೀರ್ ದೋಸೆ ಹೋಟೆಲ್ ಪಕ್ಕ ಗಾಡಿ ನಿಲ್ಲಿಸಿ, ಒಂದು ಪಿಕಪ್ ಹಿಡಿದು, ಅದಕ್ಕೆ ಕಟ್ಟಿಸಿಕೊಂಡು ಚಿಕ್ಕಮಗಳೂರಿಗೆ ತಂದೆ.

ಗಾಡಿ ಮಾರುತಿ ಜಿಪ್ಸಿ ಕಿಂಗ್. ಎಂಜಿನ್ ಜಿ13ಬಿಬಿ, 1298 ಸಿಸಿ, 16 ವಾಲ್ವ್, ಕಂಪನಿ ಹೇಳಿದ ಶಕ್ತಿ 80 ಎಚ್‌ಪಿ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 89 ಕಿಲೋಪಾಸ್ಕಲ್ ಆಸುಪಾಸು, ಮುಳ್ಳಯ್ಯನಗಿರಿ ಕಡೆ ಹತ್ತಿದರೆ 80ಕ್ಕೆ ಇಳಿಯುತ್ತೆ. ಅಂದರೆ 80 ಎಚ್‌ಪಿ ಇಲ್ಲಿ ಯಾವತ್ತೂ ಸಿಗಲ್ಲ. ತೋಟದ ಏರಿನಲ್ಲಿ, ಹಿಂದೆ ಗೊಬ್ಬರದ ಮೂಟೆ ಇದ್ದಾಗ, ಅದು ಚೆನ್ನಾಗಿ ಗೊತ್ತಾಗುತ್ತೆ. ಅದಕ್ಕೇ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿಸುವ ಯಂತ್ರ ಕೂರಿಸೋಣ ಅಂದುಕೊಂಡೆ. ಹೊಗೆಯ ಒತ್ತಡದಿಂದ ತಿರುಗುವ ಟರ್ಬೊ ಮಾತ್ರ ಬೇಡ ಅಂದೆ. ನನಗೆ ಬೇಕಿದ್ದದ್ದು 2000 ಆರ್‌ಪಿಎಂನಲ್ಲೇ ಎಳೆತ, 5000ದಲ್ಲಿ ಅಲ್ಲ.

ಹಳೇ ಮಿನಿ ಕೂಪರ್ ಎಸ್‌ನಿಂದ ಬಿಚ್ಚಿದ, ಎಂಜಿನ್ ಬೆಲ್ಟಿನಿಂದ ತಿರುಗಿ ಗಾಳಿ ತುಂಬಿಸುವ ಈಟನ್ ಎಂ45 ಸೂಪರ್‌ಚಾರ್ಜರ್ ಒಂದು ಸಿಕ್ಕಿತ್ತು. ಆ ಕಾರಿನಲ್ಲಿ ವಾಟರ್ ಪಂಪ್ ಕೂಡ ಇದರ ಹಿಂಬದಿಯ ಗೇರಿನಿಂದಲೇ ತಿರುಗುತ್ತೆ. ಆ ಗೇರಿಗೆ ಬೇರೆಯದೇ ಆಯಿಲ್, ಸ್ವಲ್ಪವೇ ಇರುತ್ತೆ, ವರ್ಷಗಳಾದ ಮೇಲೆ ಒಣಗಿ ಹೋಗುತ್ತೆ. ನನ್ನದನ್ನು ತೆಗೆದಾಗ ಒಳಗೆ ಇದ್ದದ್ದು ಕಪ್ಪು ಗ್ರೀಸಿನಂಥ ಪದಾರ್ಥ. ಹಳೇದು ಕೊಳ್ಳುವವರು ಮೊದಲು ಅದನ್ನು ನೋಡಿ.

ಲೆಕ್ಕ ಸುಲಭ. ನಮ್ಮ ಎಂಜಿನ್ ಒಂದು ಸುತ್ತಿಗೆ 649 ಸಿಸಿ ಗಾಳಿ ಎಳೆಯುತ್ತೆ. ಎಂ45 ಒಂದು ಸುತ್ತಿಗೆ 737 ಸಿಸಿ ತಳ್ಳುತ್ತೆ. ಎಂಜಿನ್ ಒಂದು ಸುತ್ತು ತಿರುಗಿದರೆ ಅದು 1.3 ಸುತ್ತು ತಿರುಗುವ ಹಾಗೆ ಪುಲ್ಲಿ ಹಾಕಿದೆ. ಸೋರಿಕೆ, ಬಿಸಿ ಎಲ್ಲ ಕಳೆದು ಗೇಜಿನಲ್ಲಿ 0.4 ಬಾರ್ ಬೂಸ್ಟ್ ಬಂತು, ಅಂದರೆ ಹೊರಗಿನ ಗಾಳಿಗಿಂತ ಅಷ್ಟು ಜಾಸ್ತಿ ಒತ್ತಡ. ಒಳಗಿನ ಪಾರ್ಟ್ ಒಂದನ್ನೂ ಮುಟ್ಟದೆ ಎಂಟು ತಿಂಗಳು ಓಡಿಸಿದೆ. ಸೀತಾಳಯ್ಯನಗಿರಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಹತ್ತುವ ಜಿಪ್ಸಿ ನೋಡಿದ್ದೀರಾ? ಆಮೇಲೆ ಚಾರ್ಮಾಡಿ ಬಂತು.

ಕಂಪ್ರೆಶನ್ ಟೆಸ್ಟ್ ಮಾಡಿದಾಗ ಮೂರು ಸಿಲಿಂಡರ್ 150ರ ಹತ್ತಿರ, ಎರಡನೇದು 70 ಪಿಎಸ್‌ಐ. ಆ ಸಿಲಿಂಡರಿನ ಪ್ಲಗ್ ಬಿಚ್ಚಿ ಟಾರ್ಚ್ ಹಿಡಿದೆ. ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು. ಅದು ಅಲ್ಯುಮಿನಿಯಂ, ಪಿಸ್ಟನ್‌ನಿಂದ ಕರಗಿ ಹಾರಿದ್ದು. ಹೆಡ್ ಎತ್ತಿ ಪಿಸ್ಟನ್ ಹೊರಗೆ ತೆಗೆದರೆ ಮೊದಲ ರಿಂಗಿಗೂ ಎರಡನೇ ರಿಂಗಿಗೂ ಮಧ್ಯದ ಅಂಚು ಬಿಸ್ಕತ್ತಿನ ತುದಿ ಮುರಿದ ಹಾಗೆ ಮುರಿದಿತ್ತು. ಕಂಪನಿಯ ಎರಕದ ಪಿಸ್ಟನ್ ಗಟ್ಟಿ, ಆದರೆ ಪೆಡಸು. ಪೆಟ್ರೋಲ್ ತಾನಾಗಿ ಸಿಡಿದಾಗ ಬೀಳುವ ಏಟು ಸುತ್ತಿಗೆ ಏಟಿನ ಹಾಗೆ. ಅಷ್ಟು ತೆಳು ಅಂಚು ಅದನ್ನು ತಡೆಯಲ್ಲ.

ಸರಿ, ಒಳಗಿನದ್ದೆಲ್ಲ ಬದಲಾಯಿಸಿ ಕಟ್ಟೋಣ ಅಂತ ಹೊರಟೆ. ಫೋರ್ಜ್ಡ್ (ಎರಕ ಹೊಯ್ಯದೆ ಬಡಿದು ಮಾಡಿದ) ಪಿಸ್ಟನ್, 4340 ಸ್ಟೀಲಿನ ಎಚ್-ಬೀಮ್ ಕನೆಕ್ಟಿಂಗ್ ರಾಡ್, ಗಟ್ಟಿ ರಾಡ್ ಬೋಲ್ಟ್, ಹೆಡ್ ಸ್ಟಡ್, ಪದರದ ಸ್ಟೀಲ್ ಗ್ಯಾಸ್ಕೆಟ್. ಹೊರದೇಶದಿಂದ ತರಿಸಿದ್ದು, ಕಸ್ಟಮ್ಸ್ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯಿತು. ನಿಜ ಹೇಳಬೇಕೆಂದರೆ 0.4 ಬಾರಿಗೆ ಹಳೇ ರಾಡೇ ಸಾಕಿತ್ತು. ರಾಡ್ ಮುರಿಯೋದು ಹೆಚ್ಚಾಗಿ ಆರ್‌ಪಿಎಂನಿಂದ, ಸಡಿಲವಾದ ಬೋಲ್ಟಿನಿಂದ. ಆದರೆ ಒಂದು ಸಲ ಎಲ್ಲ ಬಿಚ್ಚಿದ ಮೇಲೆ ಅದನ್ನೇ ವಾಪಸ್ ಹಾಕೋಕೆ ಮನಸ್ಸು ಒಪ್ಪಲಿಲ್ಲ. ಕ್ರ್ಯಾಂಕ್ ಮಾತ್ರ ಹಳೇದೇ. ಬಿರುಕಿದೆಯಾ ಅಂತ ಟೆಸ್ಟ್ ಮಾಡಿಸಿ, ಪಾಲಿಶ್ ಮಾಡಿಸಿ, ಫ್ಲೈವೀಲ್ ಜೊತೆ ಕೊಯಮತ್ತೂರಿಗೆ ಕಳಿಸಿ ಬ್ಯಾಲೆನ್ಸ್ ಮಾಡಿಸಿದೆ.

ಬ್ಲಾಕ್ ತೆಗೆದುಕೊಂಡು ಹಾಸನಕ್ಕೆ ಹೋದೆ. ಅಲ್ಲಿ ಒಬ್ಬರು ಹಿರಿಯ ಮೆಷಿನಿಸ್ಟ್ ಇದ್ದಾರೆ, ಟ್ರ್ಯಾಕ್ಟರ್ ಲೈನರಿಂದ ಹಿಡಿದು ಎಲ್ಲ ಬೋರ್ ಮಾಡುತ್ತಾರೆ, ಅಂದರೆ ಪಿಸ್ಟನ್ ಓಡಾಡುವ ತೂತನ್ನು ಅಳತೆಗೆ ಕೊರೆದು ಹಿಗ್ಗಿಸುತ್ತಾರೆ. "ಅಣ್ಣಾ, 74.50ಗೆ ಬೋರ್ ಮಾಡಿಡಿ, ಪಿಸ್ಟನ್ ಇನ್ನೊಂದು ತಿಂಗಳಲ್ಲಿ ಬರುತ್ತೆ" ಅಂದೆ. ಅವರು ಬ್ಲಾಕ್ ಮುಟ್ಟಲೇ ಇಲ್ಲ. "ಪಿಸ್ಟನ್ ತಗೊಂಡ್ ಬಾ ತಮ್ಮಾ. ಅದನ್ನ ಅಳೀದೆ ಬೋರ್ ಎಷ್ಟು ಅಂತ ಹೆಂಗ್ ಹೇಳ್ಲಿ?" ಅಂದರು. ಅವತ್ತು ಬೇಜಾರಾಯಿತು. ಈಗ ಅನ್ನಿಸುತ್ತೆ, ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತಿ ಒಳ್ಳೆ ಸಲಹೆ ಅದೇ. ಪಿಸ್ಟನ್ ಬಂದದ್ದು ಒಂದಲ್ಲ, ನಾಲ್ಕು ತಿಂಗಳಿಗೆ. ನಾಲ್ಕೂ ಒಂದೇ ಅಳತೆ ಇರಲಿಲ್ಲ, ಕೆಲವು ಮೈಕ್ರಾನ್ ಆಚೀಚೆ. ಅವರು ಒಂದೊಂದರ ಮೇಲೂ ಮಾರ್ಕರಿನಲ್ಲಿ ನಂಬರ್ ಬರೆದು, ಆಯಾ ಬೋರನ್ನು ಆಯಾ ಪಿಸ್ಟನ್ನಿಗೆ ತಕ್ಕ ಹಾಗೆ ಮುಗಿಸಿದರು.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ನನ್ನ ಪಿಸ್ಟನ್ 2618 ಅನ್ನುವ ಮಿಶ್ರಲೋಹ. ಅದರಲ್ಲಿ ಸಿಲಿಕಾನ್ ತೀರಾ ಕಡಿಮೆ, ಹಾಗಾಗಿ ಏಟು ತಿಂದರೆ ಒಡೆಯದೆ ಬಾಗುತ್ತೆ. ಆದರೆ ಬಿಸಿಗೆ ಜಾಸ್ತಿ ಹಿಗ್ಗುತ್ತೆ. ಕಂಪನಿ ಪಿಸ್ಟನ್ನಿಗೆ ಬಿಡುವ ಬೋರಿನ ಸಂದನ್ನೇ ಇದಕ್ಕೂ ಬಿಟ್ಟರೆ ಮೊದಲ ಏರಿನಲ್ಲೇ ಹಿಡಿದುಕೊಳ್ಳುತ್ತೆ. ನಾವು ಬಿಟ್ಟಿದ್ದು 0.08 ಮಿಮೀ. ಇದರ ಫಲ ಏನು ಅಂದರೆ ಡಿಸೆಂಬರ್ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎರಡು ಮೂರು ನಿಮಿಷ ಟಕಟಕ ಅನ್ನುತ್ತೆ. ಬಿಸಿಯಾದ ಮೇಲೆ ಸದ್ದಿಲ್ಲ. ತಣ್ಣಗಿರುವಾಗ ಮಾತ್ರ ಅದನ್ನು ಜೋರಾಗಿ ಓಡಿಸಲೇಬಾರದು.

ಇನ್ನೊಂದು, ಟಾರ್ಕ್ ಪ್ಲೇಟ್. ಜಿ13ದು ಅಲ್ಯುಮಿನಿಯಂ ಬ್ಲಾಕ್, ಒಳಗೆ ಬೀಡುಕಬ್ಬಿಣದ ಲೈನರ್. ಹೆಡ್ ಕೂರಿಸಿ ಬೋಲ್ಟ್ ಬಿಗಿದಾಗ ಬೋರಿನ ದುಂಡು ಸ್ವಲ್ಪ ಕೆಡುತ್ತೆ. ಹೆಡ್ ಇಲ್ಲದೆ ಹೋನ್ ಮಾಡಿದರೆ, ಅಂದರೆ ಕಲ್ಲಿನಿಂದ ಉಜ್ಜಿ ಕೊನೆಯ ಅಳತೆಗೆ ತಂದರೆ, ದುಂಡಗಿರೋದು ಮೇಜಿನ ಮೇಲೆ ಮಾತ್ರ. ಅದಕ್ಕೆ 40 ಮಿಮೀ ದಪ್ಪದ ಸ್ಟೀಲ್ ಪ್ಲೇಟಿನಲ್ಲಿ ನಾಲ್ಕು ತೂತು ಕೊರೆದು, ಅದನ್ನೇ ಹೆಡ್ ಹಾಗೆ ಬಿಗಿದು, ಆಮೇಲೆ ಹೋನಿಂಗ್ ಮಾಡಿದೆವು. ಬೋಲ್ಟ್ ಬಿಗಿಯುವ ಮುಂಚೆ ಒಮ್ಮೆ, ಬಿಗಿದ ಮೇಲೆ ಒಮ್ಮೆ ಬೋರ್ ಗೇಜ್ ಇಳಿಸಿ ನೋಡಿದೆ. ಮುಳ್ಳು ಎರಡು ಗೆರೆ ಸರಿಯಿತು. 0.02 ಮಿಮೀ. ನಾವು ಬಿಟ್ಟ ಸಂದಿನ ಕಾಲು ಭಾಗ ಅದು, ಕಡಿಮೆ ಏನಲ್ಲ ಅಲ್ವಾ?

ರಿಂಗ್ ಕೆಲಸ ಮನೆಯಲ್ಲೇ ಮಾಡಿದೆ, ಎರಡು ರಾತ್ರಿ ಹಿಡಿಯಿತು. ರಿಂಗಿನ ಎರಡು ತುದಿಗಳ ಮಧ್ಯೆ ಸಂದು ಇರಬೇಕು. ಬಿಸಿಯಾದಾಗ ಉದ್ದವಾಗಿ ತುದಿಗೆ ತುದಿ ಗುದ್ದಿದರೆ ರಿಂಗಿಗೆ ಹೋಗೋಕೆ ಜಾಗವಿಲ್ಲ, ಪಿಸ್ಟನ್ ಅಂಚನ್ನೇ ಕಿತ್ತು ತೆಗೆಯುತ್ತೆ. ಗಾಳಿ ತುಂಬಿ ಉರಿಸುವ ಎಂಜಿನ್ನಿನಲ್ಲಿ ಬಿಸಿ ಜಾಸ್ತಿ, ಹಾಗಾಗಿ ಸಂದೂ ಜಾಸ್ತಿ ಬೇಕು. ಬೋರಿನ ಅಳತೆಯನ್ನು 0.006ರಿಂದ ಗುಣಿಸಿ ಅನ್ನುವುದು ಚಾಲ್ತಿಯಲ್ಲಿರುವ ಲೆಕ್ಕ. 74.5ಕ್ಕೆ 0.45 ಮಿಮೀ ಬಂತು. ಎರಡನೇ ರಿಂಗಿಗೆ 0.50, ಯಾಕೆಂದರೆ ಮೊದಲನೇದನ್ನು ದಾಟಿ ಬಂದ ಗಾಳಿ ಮಧ್ಯದಲ್ಲಿ ಸಿಕ್ಕಿಕೊಂಡು ಮೇಲಿನ ರಿಂಗನ್ನು ಎತ್ತಬಾರದು.

ಕೈಯಲ್ಲಿ ತಿರುಗಿಸುವ ಸಣ್ಣ ಅರದ ಚಕ್ರ ಇರುತ್ತೆ. ರಿಂಗನ್ನು ಅದಕ್ಕೆ ತಾಗಿಸಿ, ಹೊರಮೈಯಿಂದ ಒಳಗಡೆಗೆ ಮಾತ್ರ ಉಜ್ಜಬೇಕು. ಉಲ್ಟಾ ಉಜ್ಜಿದರೆ ಹೊರಗಿನ ಲೇಪ ಸಿಪ್ಪೆ ಏಳುತ್ತೆ. ಎಂಟು ಸುತ್ತು ತಿರುಗಿಸು, ಒರೆಸು, ಬೋರಿಗೆ ಹಾಕು, ಪಿಸ್ಟನ್ ತಲೆ ಕೆಳಗೆ ಮಾಡಿ ಅದನ್ನು ಒಂದಿಂಚು ತಳ್ಳಿ ನೇರ ಮಾಡು, ಫೀಲರ್ ಗೇಜ್ ತೂರಿಸು. ಮತ್ತೆ ತೆಗಿ, ಮತ್ತೆ ಆರು ಸುತ್ತು. ಕೊನೆ ಕೊನೆಗೆ ಎರಡೇ ಸುತ್ತು. ಮೂರನೇ ಸಿಲಿಂಡರಿನ ರಿಂಗ್ 0.45 ದಾಟಿ 0.48 ಆಯಿತು. ಅದನ್ನೇ ಹಾಕಿದೆ. ಸಂದು ಸ್ವಲ್ಪ ಜಾಸ್ತಿಯಾದರೆ ಒಂಚೂರು ಆಯಿಲ್ ಕುಡಿಯುತ್ತೆ ಅಷ್ಟೇ. ಕಡಿಮೆಯಾದರೆ ಎಂಜಿನ್ನೇ ಹೋಗುತ್ತೆ.

ಸಿಲಿಂಡರಿನೊಳಗೆ ಗಾಳಿ ಎಷ್ಟರಲ್ಲಿ ಒಂದು ಪಾಲಿಗೆ ಒತ್ತಿಕೊಳ್ಳುತ್ತೆ ಅನ್ನುವ ಕಂಪ್ರೆಶನ್ ರೇಶಿಯೋವನ್ನು 8.5ಕ್ಕೆ ಇಳಿಸಿದೆ. ಪಿಸ್ಟನ್ ಮಾಡಿಸುವಾಗಲೇ ಅದರ ತಲೆಯ ಗುಂಡಿ ಎಷ್ಟಿರಬೇಕು ಅಂತ ಹೇಳಿದ್ದೆ. ನಂಬದೆ ಮತ್ತೆ ಅಳೆದೆ, ಅಕ್ರಿಲಿಕ್ ಹಲಗೆಯಲ್ಲಿ ಒಂದು ತೂತು ಮಾಡಿ, ಗ್ರೀಸ್ ಹಚ್ಚಿ ಮುಚ್ಚಿ, ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ ಬಣ್ಣದ ನೀರು ತುಂಬಿಸಿ. ಗ್ಯಾಸ್ಕೆಟ್ ದಪ್ಪ ಸೇರಿಸಿ ಒಟ್ಟು 43.9 ಸಿಸಿ. ಕೆಲವರು 8ಕ್ಕೆ ಇಳಿಸು ಅಂದರು. ನಮ್ಮೂರಿನ ಎತ್ತರದಲ್ಲಿ ಮೊದಲೇ ಗಾಳಿ ಕಡಿಮೆ, ಅಷ್ಟು ಇಳಿಸಿದರೆ ನಿಧಾನಕ್ಕೆ ಹೋಗುವಾಗ ಗಾಡಿ ಸತ್ತ ಹಾಗಿರುತ್ತೆ. ನಾನು ಒಪ್ಪಲಿಲ್ಲ.

ಬೇರಿಂಗ್ ಸಂದನ್ನು ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದು ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ನೋಡಿ 0.045 ಮಿಮೀ ಇಟ್ಟೆ. ರಾಡ್ ಬೋಲ್ಟನ್ನು ಟಾರ್ಕ್ ನಂಬಿ ಬಿಗಿಯಲಿಲ್ಲ, ಬೋಲ್ಟ್ ಎಷ್ಟು ಹಿಗ್ಗಿತು ಅಂತ ಅಳೆದು ಬಿಗಿದೆ. ಹೊಸ ಆಯಿಲ್ ಪಂಪ್, ನಿಮಿಷಕ್ಕೆ 270 ಸಿಸಿ ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್. ಮೊದಲ 500 ಕಿಲೋಮೀಟರ್ ಸೂಪರ್‌ಚಾರ್ಜರನ್ನು ಪೈಪಿನಿಂದಲೇ ಬಿಡಿಸಿಟ್ಟಿದ್ದೆ. ಮಿನರಲ್ ಆಯಿಲ್ ಹಾಕಿ ಕೈಮರದಿಂದ ಸೀತಾಳಯ್ಯನಗಿರಿಗೆ ಹತ್ತೋದು, ಗೇರಿನಲ್ಲೇ ಹಿಡಿದು ಇಳಿಯೋದು. ಹೊಸ ರಿಂಗ್ ಬೋರಿಗೆ ಹೊಂದಿಕೊಂಡು ಕೂರೋಕೆ ಇದಕ್ಕಿಂತ ಒಳ್ಳೆ ರಸ್ತೆ ಬೇಕಾ?

ಸೂಪರ್‌ಚಾರ್ಜರಿನ ಬೆಲ್ಟ್ ಹಾಕುವ ಹಿಂದಿನ ರಾತ್ರಿ ಲ್ಯಾಪ್‌ಟಾಪ್ ತೆಗೆದು ಇಸಿಯುನ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ, ಹಳೇ ಮ್ಯಾಪ್ ನೋಡುತ್ತಾ ಕೂತೆ. ಯಾವ ಒತ್ತಡಕ್ಕೆ ಪ್ಲಗ್ ಎಷ್ಟು ಮುಂಚೆ ಕಿಡಿ ಹಾರಿಸಬೇಕು ಅನ್ನುವ ಇಗ್ನಿಶನ್ ಟೈಮಿಂಗ್ ಪಟ್ಟಿಯಲ್ಲಿ 130 ಕಿಲೋಪಾಸ್ಕಲ್ ತನಕ ಒಂದೊಂದು ಮನೆಯೂ ನಾನೇ ತಿದ್ದಿದ್ದು. ಅದರ ಮೇಲಿನ 140, 150ರ ಸಾಲಿನಲ್ಲಿ 130ರ ಅಂಕಿಗಳೇ ಹಾಗೇ ಕೂತಿದ್ದವು. ಖಾಲಿ ಬಿಡಬಾರದು ಅಂತ ಸುಮ್ನೆ ಕಾಪಿ ಮಾಡಿದ್ದೆ. ಒತ್ತಡ ಏರಿದಷ್ಟೂ ಕಿಡಿ ತಡವಾಗಬೇಕು, ಇಲ್ಲದಿದ್ದರೆ ಪೆಟ್ರೋಲ್ ತಾನಾಗಿ ಸಿಡಿಯುತ್ತೆ. ಟ್ಯೂನ್ ಮಾಡಿದ್ದೆಲ್ಲ ಇಲ್ಲೇ, ಗಿರಿಯ ರಸ್ತೆಯಲ್ಲಿ. ಇಲ್ಲಿನ 89ಕ್ಕೆ 0.4 ಬಾರ್, ಅಂದರೆ 40 ಕಿಲೋಪಾಸ್ಕಲ್, ಸೇರಿದರೆ 129. ಈ ಬಗೆಯ ಸೂಪರ್‌ಚಾರ್ಜರ್ ಬೆಲ್ಟಿಗೆ ಕಟ್ಟಿದ್ದು, ಹೊರಗಿನ ಗಾಳಿಯನ್ನು ಸುಮಾರು 1.45 ಪಟ್ಟು ಮಾಡಿ ಕೊಡುತ್ತೆ. ಉಜಿರೆಯಲ್ಲಿ ಹೊರಗೇ 100 ಇದ್ದರೆ ಒಳಗೆ 145. ಜೊತೆಗೆ ಏಪ್ರಿಲ್ ಸೆಕೆ. ಆ ಸಾಲಿಗೆ ಎಂಜಿನ್ ಮೊದಲ ಸಲ ಕಾಲಿಟ್ಟಿದ್ದೇ ಅವತ್ತು, ಚಾರ್ಮಾಡಿಯ ಬುಡದಲ್ಲಿ.

ಪಿಸ್ಟನ್ ಮೇಲೆ ನಾನು ಹೊರಿಸಿದ್ದ ತಪ್ಪು ನನ್ನದಾಗಿತ್ತು. ಹೊಸ ಪಿಸ್ಟನ್ ಹಾಕಿ ಅದೇ ಮ್ಯಾಪಿನಲ್ಲಿ ಘಾಟಿ ಇಳಿದಿದ್ದರೆ ಅದೂ ಹೋಗುತ್ತಿತ್ತು, ಏನೋ ನಾಲ್ಕು ಏಟು ಜಾಸ್ತಿ ತಡೆದುಕೊಂಡು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೂಸ್ಟಿನ ಒಂದೊಂದು ಪಿಎಸ್‌ಐಗೆ ಒಂದು ಡಿಗ್ರಿ ಟೈಮಿಂಗ್ ಹಿಂದಕ್ಕೆ ಅನ್ನೋ ಲೆಕ್ಕದಲ್ಲಿ ಶುರು ಮಾಡಿ, ಮೇಲಿನ ಎರಡು ಸಾಲಿಗೆ ಇನ್ನೂ ಮೂರು ಡಿಗ್ರಿ ತೆಗೆದೆ. ಪೆಟ್ರೋಲ್ ಮಿಶ್ರಣ ನೋಡೋಕೆ ಒಂದು ಪಾಲು ಪೆಟ್ರೋಲಿಗೆ 12, 13 ಪಾಲು ಗಾಳಿ ಅನ್ನುವ ಹಳೇ ಅಂಕಿ ಬಿಟ್ಟು ಲ್ಯಾಂಬ್ಡಾ ಹಿಡಿದೆ, ಬೂಸ್ಟಿನಲ್ಲಿ 0.80. ಅದರಲ್ಲಿ 1 ಅಂದರೆ ಪೂರ್ತಿ ಉರಿಯೋಕೆ ಬೇಕಾದಷ್ಟೇ ಗಾಳಿ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. ಈಗ ಪೆಟ್ರೋಲಿನಲ್ಲಿ ಎಥೆನಾಲ್ ನೂರಕ್ಕೆ 20 ಭಾಗ ಇರುವಾಗ ಹಳೇ ಅಂಕಿ ದಾರಿ ತಪ್ಪಿಸುತ್ತೆ, ಲ್ಯಾಂಬ್ಡಾ ತಪ್ಪಿಸಲ್ಲ. ಬ್ಲಾಕಿಗೆ ಒಂದು ತಾಮ್ರದ ಕೊಳವೆ ಬೋಲ್ಟ್ ಮಾಡಿ, ಅದರಿಂದ ರಬ್ಬರ್ ನಳಿಗೆ ಎಳೆದು, ಇಯರ್‌ಮಫ್ ಹಾಕಿ ಕೂತರೆ ಒಳಗಿನ ಸಣ್ಣ ಕಟಕಟವೂ ಕೇಳಿಸುತ್ತೆ.

ಆಮೇಲೆ ಬೇಕಂತಲೇ ಕೆಳಗೆ ಹೋದೆ. ಬೆಳಿಗ್ಗೆ ಆರಕ್ಕೆ ಉಜಿರೆಯಲ್ಲಿ ಟ್ಯಾಂಕ್ ತುಂಬಿಸಿ, ತಮ್ಮನ ಕೈಗೆ ಸ್ಟಿಯರಿಂಗ್ ಕೊಟ್ಟು, ನಾನು ಇಯರ್‌ಮಫ್ ಹಾಕಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡೆ. ಲಾಗಿನಲ್ಲಿ 143, 144 ಕಂಡಿತು. ಒಂದು ಕಡೆ, 3400 ಆರ್‌ಪಿಎಂ ಹತ್ತಿರ, ಎರಡು ಸಲ ಕಟ್ ಅಂದಿತು. "ಬಿಡೋ, ಬಿಡೋ" ಅಂದೆ, ಅವನು ಕಾಲು ತೆಗೆದ. ಪಟ್ಟಿಯ ಆ ಮನೆಯಲ್ಲಿ ಇನ್ನೂ ಎರಡು ಡಿಗ್ರಿ ಕಡಿಮೆ ಮಾಡಿ ಮತ್ತೆ ಕೆಳಗಿಳಿದು ಹತ್ತಿಸಿದೆವು. ಸದ್ದಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಎಂಜಿನ್ ತಣ್ಣಗಾಗುವ ತನಕ ದೋಸೆ ತಿಂದು, ಎರಡನೇ ಸಿಲಿಂಡರಿನ ಪ್ಲಗ್ ಬಿಚ್ಚಿದೆ. ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆ. ಪಿಂಗಾಣಿ ತಿಳಿ ಕಂದು, ಒಂದು ಚುಕ್ಕೆ ಇಲ್ಲ. ತಮ್ಮನೂ ಇಸಕೊಂಡು ನೋಡಿದ.

ಈಗ 6,000 ಕಿಲೋಮೀಟರ್ ಆಗಿದೆ. ಸಾವಿರಕ್ಕೆ ನೂರೈವತ್ತು ಮಿಲಿ ಆಯಿಲ್ ಕುಡಿಯುತ್ತೆ. ಮಳೆಗಾಲದಲ್ಲಿ ತೋಟದ ಕೆಸರು ಇಂಟರ್‌ಕೂಲರಿನ ರೆಕ್ಕೆಗಳಿಗೆ ಮೆತ್ತಿಕೊಂಡು ಗಾಳಿ ತಣಿಯೋದೇ ಇಲ್ಲ, ಅದಕ್ಕೊಂದು ಜಾಲರಿ ಮಾಡಿಸಬೇಕು. ಪುಲ್ಲಿ ಇನ್ನೂ ಸಣ್ಣದು ಹಾಕು, 0.6 ಬಾರ್ ಮಾಡು ಅಂತ ಗೆಳೆಯರು ಹೇಳುತ್ತಾರೆ. 160, 170ರ ಸಾಲುಗಳನ್ನು ಕೆಳಗೆ ಉಜಿರೆಯಲ್ಲೇ ಕೂತು ತುಂಬಿಸುವ ತನಕ ನಾನು ಆ ಪುಲ್ಲಿ ಮುಟ್ಟಲ್ಲ.