ಸ್ಥಾವರ ಎಣಿಸುವ ಯೋಜನೆಗೆ ಗ್ಯಾಸ್ ಮೀಟರ್ ಕೂರಿಸಿದ್ದು: ನನ್ನ ಅನುಭವ

ಹೋಟೆಲ್ ಮುಸುರೆಯಿಂದ ಗ್ಯಾಸ್ ಮಾಡೋದು ಹೊಸದಲ್ಲ. ಇದನ್ನ ಓದುವವರಲ್ಲಿ ಅರ್ಧ ಜನ ನನಗಿಂತ ಮೊದಲೇ ಮಾಡಿದ್ದೀರಿ. ಆದರೆ ಅದರ ಸಂಶೋಧನೆಗೆ ಸರ್ಕಾರದ ದುಡ್ಡು ತಂದು, ಅದನ್ನ ಪುಣೆಯ ಚಳಿಗೂ ನಮ್ಮ ಸ್ಟೀಲ್ ಬಿಲ್ಲಿಗೂ ಹೊಂದಿಸಿ ಖರ್ಚು ಮಾಡಿ, ಲೆಕ್ಕ ಒಪ್ಪಿಸಿ, ಮುಂದಿನ ಕಂತೂ ಕೈಗೆ ಬರೋ ಹಾಗೆ ಮಾಡೋದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿನವನ ಕೆಲಸ ಅಲ್ಲ ಅಂತ ಪುಣೆ ಹತ್ತಿರದ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ನನಗೆ ಹೇಳದವರಿಲ್ಲ. ಈಗ ಎರಡನೇ ಕಂತು ಬಂದಿದೆ. ಆವತ್ತು ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ತಮ್ಮ ಪ್ರಸ್ತಾವದ ಕರಡು ಹಿಡ್ಕೊಂಡು ನನ್ನ ಶೆಡ್ಡಿಗೆ ಬಂದಿದ್ದರು. ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳೋಣ ಅಂತ ಬರೀತಿದ್ದೀನಿ.

ಮಾಡಿದ್ದು ಇಷ್ಟು. ಪ್ರಸ್ತಾವದಲ್ಲಿ ಇಷ್ಟು ಸ್ಥಾವರ ಕಟ್ಟುತ್ತೇವೆ ಅನ್ನೋ ಸಾಲು ತೆಗೆದುಹಾಕಿದೆ. ಅದರ ಜಾಗದಲ್ಲಿ ಒಂದು ಕಿಲೋ ಮುಸುರೆಗೆ ಇಷ್ಟು ಲೀಟರ್ ಉರಿಯುವ ಗ್ಯಾಸ್, ಡಿಸೆಂಬರ್ ಜನವರಿಯಲ್ಲೂ ಇದಕ್ಕೆ ಕಡಿಮೆ ಇಲ್ಲ ಅಂತ ಬರೆದೆ. ಒಂದೊಂದು ಕಂತನ್ನೂ ಮೀಟರ್ ರೀಡಿಂಗಿಗೆ ಕಟ್ಟಿಹಾಕಿದೆ. ಪ್ರಸ್ತಾವ ಬರೆದುಕೊಡುವ ಸಲಹೆಗಾರರೊಬ್ಬರು ಖಡಾಖಂಡಿತವಾಗಿ ಬೇಡ ಅಂದರು. ಸಂಖ್ಯೆ ಬರೆದರೆ ಕಟ್ಟಿ ಫೋಟೋ ಕಳಿಸಿದರೆ ಮುಗೀತು, ಗ್ಯಾಸ್ ಬರೆದರೆ ಚಳಿಗಾಲದಲ್ಲಿ ಸಿಕ್ಕಿಹಾಕ್ಕೊಳ್ತೀರಿ ಅನ್ನೋದು ಅವರ ವಾದ.

ಅವರ ವಾದಕ್ಕೆ ಬುಡ ಇಲ್ಲದಿಲ್ಲ. ನಮ್ಮಲ್ಲಿ ಪರ್ಯಾಯ ಇಂಧನದ ಯೋಜನೆ ಬೆಳೆದದ್ದೇ ಎಣಿಕೆಯ ಮೇಲೆ. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು ಬುದ್ಧಿ ಕಲಿಸಿದ ಮೇಲೆ 1981ರಲ್ಲಿ ಹೆಚ್ಚುವರಿ ಇಂಧನ ಮೂಲಗಳ ಆಯೋಗ ಬಂತು, 1982ರಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳ ಇಲಾಖೆ, 1992ರಲ್ಲಿ ಅದೇ ಸಚಿವಾಲಯ ಆಯ್ತು. 1981-82ರಲ್ಲಿ ಶುರುವಾದ ರಾಷ್ಟ್ರೀಯ ಬಯೋಗ್ಯಾಸ್ ಯೋಜನೆಯಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಇಷ್ಟು ಸ್ಥಾವರ ಅಂತ ಗುರಿ ಹಂಚಿದರು. ಹೀಗೆ ದೇಶದಲ್ಲಿ ಸುಮಾರು 50 ಲಕ್ಷ ಮನೆಮಟ್ಟದ ಗೋಬರ್ ಗ್ಯಾಸ್ ಸ್ಥಾವರ ಎದ್ದಿವೆ. ಇದು ಸಣ್ಣ ಸಾಧನೆ ಅಂತ ನಾನು ಯಾವತ್ತೂ ಹೇಳೋದಿಲ್ಲ. ಆದರೆ ಗುರಿ ಇದ್ದದ್ದು ಗುಂಡಿಗೆ, ಉರಿಗಲ್ಲ.

ಇದನ್ನ ಮೊದಲು ತಿದ್ದಿದವರು ನಮ್ಮ ಕಡೆಯವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ‘ಅಸ್ತ್ರ’ ಅನ್ನೋ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿ ಅವರ ತಂಡ ಕುಣಿಗಲ್ ತಾಲ್ಲೂಕಿನ ಪುರ ಊರಿನಲ್ಲಿ ಸಮುದಾಯದ ಬಯೋಗ್ಯಾಸ್ ಮಾಡಿತು. ಮೊದಲು ಅಡುಗೆಗೆ ಅಂತ ಹೊರಟರು, ಅದು ಸಾಲಲಿಲ್ಲ. ಆಮೇಲೆ ಊರಿಗೆ ಏನು ಬೇಕು ಅಂತ ನೋಡಿ, 1987ರ ಸುಮಾರಿಗೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ನಲ್ಲಿ ನೀರು, ಮನೆ ದೀಪ ಕೊಟ್ಟರು. ಎಷ್ಟು ಉತ್ಪಾದಿಸಬೇಕು ಅಂತ ಕೇಳೋದಕ್ಕಿಂತ ಜನರಿಗೆ ಯಾವ ಸೇವೆ ಮುಟ್ಟಬೇಕು ಅಂತ ಕೇಳಿ ಯೋಜನೆ ಮಾಡಿ ಅಂತ ರೆಡ್ಡಿಯವರು ಕೊನೆವರೆಗೂ ಹೇಳಿದರು. ಕರ್ನಾಟಕದ ವಿದ್ಯುತ್ತಿಗೆ ಆ ಲೆಕ್ಕ ಹಾಕಿದಾಗ ಸರ್ಕಾರಿ ಅಂದಾಜಿನ ಅರ್ಧಕ್ಕೂ ಕಡಿಮೆ ಸಾಕು ಅಂತ ಬಂದಿತ್ತು. ನನ್ನ ಪ್ರಸ್ತಾವದ ಬೆನ್ನೆಲುಬು ಅದೇ ಯೋಚನೆ. ಹೋಟೆಲ್‌ನವರಿಗೆ ಬೇಕಾದ್ದು ಸ್ಥಾವರ ಅಲ್ಲ, ಬೆಳಿಗ್ಗೆ ಆರಕ್ಕೆ ಸಾಂಬಾರ್ ಕುದಿಯೋಷ್ಟು ಉರಿ.

ಈಗ ಕೆಟ್ಟ ಕಥೆಗಳು. ನಮ್ಮ ಮೊದಲ ಸ್ಥಾವರ ಕುಂದಾಪುರದ ಕಡೆಯವರೊಬ್ಬರ ಹೋಟೆಲ್ ಹಿಂದೆ, ದಿನಕ್ಕೆ 100 ಕಿಲೋ ಮುಸುರೆಯ ಲೆಕ್ಕದ್ದು. ಬೇಸಿಗೆಯಲ್ಲಿ ದಿನಕ್ಕೆ ಹತ್ತಿರಹತ್ತಿರ ಒಂಬತ್ತು ಘನ ಮೀಟರ್ ಕೊಡ್ತಾ ಇತ್ತು. ಗಣೇಶೋತ್ಸವ ಬಂತು. ಪುಣೆಯಲ್ಲಿ ಆ ಹತ್ತು ದಿನ ಹೋಟೆಲ್ ಹೇಗಿರುತ್ತೆ ಅಂತ ಇಲ್ಲಿರೋರಿಗೆ ಗೊತ್ತು. ಮುಸುರೆ ಎರಡು ಪಟ್ಟಾಯ್ತು, ಹುಡುಗರು ಅಷ್ಟನ್ನೂ ಒಳಗೆ ಸುರಿದರು. ಇಡ್ಲಿ ಹಿಟ್ಟಿನ ಪಾತ್ರೆ ತೊಳೆದ ನೀರೂ ಅದರೊಟ್ಟಿಗೆ. ಆ ಹಿಟ್ಟು ಆಗಲೇ ಹುಳಿ ಬಂದಿರುತ್ತೆ, ಪಿಷ್ಟ ಬೇರೆ, ಒಳಗೆ ಹೋದ ಕೂಡಲೇ ಆಮ್ಲ ಆಗುತ್ತೆ. ಹುಳಿ ಅಳೆಯೋ ಪಿಎಚ್ ಕಾಗದ ಅದ್ದಿದರೆ ಐದೂವರೆಯ ಬಣ್ಣ, ಅಂದರೆ ಹುಳಿ. ಗ್ಯಾಸ್ ತುಂಬಿದ ಹಾಗೆ ಏರುವ ಡ್ರಮ್ ಮೇಲೇರಿ ನಿಂತಿದೆ, ಕಡ್ಡಿ ಗೀರಿದರೆ ಉರಿ ಹತ್ತೋದಿಲ್ಲ, ಒಳಗಿರೋದು ಬರೀ ಇಂಗಾಲದ ಡೈಆಕ್ಸೈಡ್. ಮುಸುರೆ ಹಾಕೋದು ನಿಲ್ಲಿಸಿ, ಸುಣ್ಣದ ತಿಳಿ ಸ್ವಲ್ಪಸ್ವಲ್ಪವೇ ಬಿಟ್ಟು, ಹತ್ತಿರದ ಎಮ್ಮೆ ಕೊಟ್ಟಿಗೆಯಿಂದ ತಾಜಾ ಸಗಣಿ ತಂದು ಕಲಸಿ, ಮತ್ತೆ ನೀಲಿ ಉರಿ ನೋಡೋಕೆ ಮೂರು ವಾರ ಹಿಡೀತು. ಅಷ್ಟೂ ದಿನ ಹೋಟೆಲ್‌ನವರು ಕಮರ್ಷಿಯಲ್ ಸಿಲಿಂಡರ್ ತಂದರು, ಆ ಖರ್ಚಿನ ಅರ್ಧ ನಾನು ಕೊಟ್ಟೆ.

ಹುಳಿ ಬಂದ ಮೇಲೆ ಸುಣ್ಣ ಹಾಕೋದು ಎಲ್ಲರಿಗೂ ಗೊತ್ತು. ಹುಳಿ ಬರದ ಹಾಗೆ ಮುಂಚೆಯೇ ತಡೆಯೋದು ಬೇರೆ ವಿದ್ಯೆ. ಈಗ ನಾವು ಮುಂದೆ ಒಂದು ಸಣ್ಣ ಟ್ಯಾಂಕ್ ಇಟ್ಟು ಒಂದು ದಿನ ಅದರಲ್ಲೇ ಕೊಳೆಸಿ, ಹಿಂದಿನಿಂದ ಬರುವ ಸ್ಲರಿಯ, ಅಂದರೆ ಗ್ಯಾಸ್ ಕೊಟ್ಟು ಉಳಿದ ರಾಡಿಯ, ತಿಳಿನೀರನ್ನೇ ಮತ್ತೆ ಕಲಸಿ ಒಳಗೆ ಬಿಡ್ತೀವಿ. ಹೊಸ ನೀರು ಬೇಡವೇ ಬೇಡ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ (ಬಾರ್ಕ್) ರೂಪಿಸಿದ ನಿಸರ್ಗಋಣ ಸ್ಥಾವರದಲ್ಲೂ ಕೊಳೆಸೋದಕ್ಕೆ ಮೊದಲ ಹಂತ ಬೇರೆಯೇ ಇದೆ, ಹಾಗಾಗಿ ಇದು ನನ್ನ ಶೋಧ ಅಂತ ಹೇಳೋದಿಲ್ಲ. ಆ ಟ್ಯಾಂಕಿಗೆ ನಾವು ಹಾಕೋ ಒಂದು ಹಿಡಿ ಪದಾರ್ಥ ಮಾತ್ರ ನಮ್ಮದು. ಅದನ್ನ ಇಲ್ಲಿ ಬರೆಯೋದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಮೀಟರಿನದ್ದೇ ಒಂದು ಪಾಡು. ಎಂಟು ಸಾವಿರದ ಆಸುಪಾಸು ಕೊಟ್ಟು ಕೂರಿಸಿದ ಡಯಾಫ್ರಾಮ್ ಮೀಟರ್ ಮಳೆಗಾಲ ಮುಗಿಯೋದ್ರೊಳಗೆ ಕಚ್ಚಿಕೊಂಡಿತು. ಬಿಚ್ಚಿ ನೋಡಿದರೆ ಒಳಗೆ ನೀರು, ಹಿತ್ತಾಳೆ ಎಲ್ಲ ಕಪ್ಪು. ಗ್ಯಾಸಿನಲ್ಲೇ ಇರೋ ಹೈಡ್ರೋಜನ್ ಸಲ್ಫೈಡ್ ತಿಂದದ್ದು. ಈಗ ಮೀಟರಿಗಿಂತ ಮುಂಚೆ ನೀರು ಇಳಿಯೋ ಬಾಟಲಿ, ಅದರಾಚೆ ಆ ಸಲ್ಫೈಡ್ ಹಿಡಿಯೋಕೆ ತುಕ್ಕು ಹಿಡಿಸಿದ ಲೇಥಿನ ಕಬ್ಬಿಣದ ಸುರುಳಿ ತುಂಬಿದ ಪೈಪ್. ಸುರುಳಿ ನಮ್ಮ ಶೆಡ್ಡಿನಲ್ಲಿ ಪುಕ್ಕಟೆ. ಕಪ್ಪಾದಾಗ ಹೊರಗೆ ಹರಡಿ ಗಾಳಿಗೆ ಬಿಟ್ಟರೆ ಮತ್ತೆ ಕೆಂಪಾಗುತ್ತೆ, ಇನ್ನೊಂದೆರಡು ಸಲ ಬರುತ್ತೆ. ಆದರೆ ಹರಡುವಾಗ ನೀರು ಚಿಮುಕಿಸ್ತಾ ಇರಿ, ಬಿಸಿಯೇರಿ ಹೊಗೆಯಾಡುತ್ತೆ.

ಎಷ್ಟು ಗ್ಯಾಸ್ ಅನ್ನೋದರ ಜೊತೆ ಎಂಥಾ ಗ್ಯಾಸ್ ಅನ್ನೋದೂ ಬೇಕು. ಅದನ್ನ ಅಳೆಯೋ ಅನಲೈಸರಿಗೆ ಲಕ್ಷದ ಮೇಲೆ. ನಾವು ದಿನಾ ಮಾಡೋದು 50 ಎಂಎಲ್ ಸಿರಿಂಜಿನಲ್ಲಿ ಗ್ಯಾಸ್ ಎಳೆದು, ಕಾಸ್ಟಿಕ್ ಸೋಡಾ ದ್ರಾವಣ ಸ್ವಲ್ಪ ಎಳೆದು, ಬಾಯಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸೋದು. ಕಾಸ್ಟಿಕ್ ಇಂಗಾಲದ ಡೈಆಕ್ಸೈಡನ್ನ ಹೀರಿಕೊಂಡ ಹಾಗೆ ಪಿಸ್ಟನ್ ತಾನಾಗೇ ಒಳಗೆ ಸರಿಯುತ್ತೆ. ಗ್ಯಾಸ್ 50 ಇದ್ದದ್ದು 29, 30ಕ್ಕೆ ನಿಂತರೆ ಉರಿಯುವ ಭಾಗವಾದ ಮೀಥೇನ್ ಶೇ 60ರ ಹತ್ತಿರ ಅಂತ ಅರ್ಥ. ಈ ಯೋಜನೆಯಲ್ಲಿ ನನ್ನ ಜೊತೆಗಿರೋ ಕಾಲೇಜಿನವರ ಅನಲೈಸರ್ ಪಕ್ಕದಲ್ಲಿಟ್ಟು ತಾಳೆ ನೋಡಿದ್ದೀವಿ, ಎರಡು ಮೂರು ಪಾಯಿಂಟಿಗಿಂತ ಹೆಚ್ಚು ತಪ್ಪಿಲ್ಲ. ಕೈಗವಸು, ಕನ್ನಡಕ ಇಲ್ಲದೆ ಮಾತ್ರ ಮುಟ್ಟಬೇಡಿ.

ಕಾಲೇಜು ಯಾಕೆ ಅಂದರೆ, ದುಡ್ಡಿನ ನಿಯಮ ಇರೋದೇ ಹಾಗೆ. ನವೀಕರಿಸಬಹುದಾದ ಇಂಧನ ಸಚಿವಾಲಯದ ಸಂಶೋಧನಾ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಲಾಭಕ್ಕಲ್ಲದ ಸಂಸ್ಥೆಗಳಿಗೆ ಖರ್ಚಿನ ಶೇ 100ರವರೆಗೆ, ಉದ್ಯಮದವರಿಗೆ ಶೇ 70ರವರೆಗೆ ಅಂತಿದೆ. ನನಗೆ ಕೊಟ್ಟದ್ದು ಬೇರೆ ಯೋಜನೆಯಾದರೂ ಅಚ್ಚು ಇದೇ. ಅದಕ್ಕೆ ಉಪಕರಣ, ವಿದ್ಯಾರ್ಥಿಯ ಫೆಲೋಶಿಪ್ ಎಲ್ಲ ಕಾಲೇಜಿನ ಖಾತೆಗೆ ಹಾಕಿದೆ, ಸ್ಟೀಲ್, ಫೈಬರಿನ (ಎಫ್‌ಆರ್‌ಪಿ) ಡ್ರಮ್, ಕೂಲಿ ನನ್ನ ಖಾತೆಗೆ. ಒಟ್ಟು ನಲವತ್ತು ಲಕ್ಷದ ಹತ್ತಿರದ ಪ್ರಸ್ತಾವದಲ್ಲಿ ನನ್ನ ಕೈಯಿಂದ ಹೋದದ್ದು ಏಳೆಂಟು ಲಕ್ಷ. ಎಲ್ಲ ನನ್ನ ಖಾತೆಗೇ ಹಾಕಿದ್ದರೆ ಹನ್ನೆರಡು ಆಗ್ತಿತ್ತು.

ಮೊದಲ ಕಂತು ಬಂದದ್ದು ಫೆಬ್ರವರಿ ಕೊನೆಗೆ. ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದದ್ದು ವಾಪಸ್. ನನಗೆ ಬೇಕಾದದ್ದು ಎರಡು ಚಳಿಗಾಲ, ಖಜಾನೆಯ ವರ್ಷಕ್ಕೆ ಚಳಿಗಾಲ ಗೊತ್ತಿಲ್ಲ. ಇಂಧನ ಸಂಶೋಧನೆಯ ಯೋಜನೆ ಮಾಡುವವರು ಇದೊಂದನ್ನ ಸರಿಮಾಡಿದರೆ ಸಾಕು, ಅರ್ಧ ಪ್ರಯೋಗಗಳು ನಡುದಾರಿಯಲ್ಲಿ ಸಾಯೋದು ತಪ್ಪುತ್ತೆ ಅಂತ ನಾನು ಕೈಮುಗಿದು ಹೇಳ್ತೀನಿ. ನಾನು ಮಾಡಿದ ಉಪಾಯ ಹೀಗೆ: ಲೋಹದ ಕೆಲಸ ಅಷ್ಟನ್ನೂ ಮೊದಲ ಕಂತಿಗೆ ಹಾಕಿ, ಅಳತೆಯ ಕೆಲಸವನ್ನ ಎರಡನೆಯದಕ್ಕೆ ತಳ್ಳಿದೆ. ಕೊಟೇಶನ್ ಮುಂಚೆಯೇ ತರಿಸಿಟ್ಟಿದ್ದೆ, ಹಾಳೆ ಮಾರುವವರು ಹಳೇ ಪರಿಚಯ, ಆರ್ಡರ್ ಆದ ವಾರದಲ್ಲೇ ಮಾಲು ಇಳೀತು. ಸರ್ಕಾರದ ಹಣಕಾಸು ನಿಯಮದ ಜಿಎಫ್‌ಆರ್ 12-ಎ ನಮೂನೆಯಲ್ಲಿ ಯುಸಿ, ಅಂದರೆ ದುಡ್ಡು ಬಳಸಿದ್ದರ ಪ್ರಮಾಣಪತ್ರ, ಏಪ್ರಿಲ್‌ನಲ್ಲೇ ಹೋಯ್ತು, ಜೊತೆಗೆ ಆ ನಮೂನೆ ಕೇಳದಿದ್ದರೂ ಮೀಟರ್ ರೀಡಿಂಗಿನ ಹಾಳೆಗಳು. ಪರಿಶೀಲನಾ ಸಮಿತಿ ಸ್ಥಾವರದ ಫೋಟೋ ಬಿಟ್ಟು ಆ ಹಾಳೆಗಳ ಮೇಲೇ ಪೂರ್ತಿ ಹೊತ್ತು ಮಾತಾಡಿತು.

ಇನ್ನು ಹೋಟೆಲ್‌ನವರ ಲೆಕ್ಕ. ಒಂದು ಘನ ಮೀಟರ್ ಗ್ಯಾಸ್ ಅಂದರೆ ಹೆಚ್ಚುಕಡಿಮೆ 450 ಗ್ರಾಂ ಎಲ್‌ಪಿಜಿ. ತಿಂಗಳಿಗೆ 19 ಕಿಲೋದ ಆರು ಸಿಲಿಂಡರ್ ಉಳಿಯುತ್ತೆ, ಒಂದಕ್ಕೆ 1,800 ಹಿಡಿದರೆ ಹತ್ತು ಹನ್ನೊಂದು ಸಾವಿರ. ಸ್ಥಾವರಕ್ಕೆ ನಾಲ್ಕೂವರೆ ಲಕ್ಷ. ಮೂರೂವರೆ ವರ್ಷದಲ್ಲಿ ವಾಪಸ್ ಅಂತ ಹೇಳ್ತೀನಿ, ನೋಡಿಕೊಳ್ಳುವ ಹುಡುಗನ ಸಂಬಳ ಸೇರಿಸಿದರೆ ಐದು. 2021ರ ಅಕ್ಟೋಬರಿನಲ್ಲಿ ಬಯೋಗ್ಯಾಸ್ ಸ್ಥಾವರದ ಜಿಎಸ್‌ಟಿ ಶೇ 5ರಿಂದ 12ಕ್ಕೆ ಏರಿದಾಗ ಕೈಗೆ ಬಂದಿದ್ದ ಆರ್ಡರ್‌ಗಳು ಕೈಬಿಟ್ಟವು. 2025ರ ಸೆಪ್ಟೆಂಬರಿನಲ್ಲಿ ಮತ್ತೆ 5ಕ್ಕೆ ಇಳಿದ ಮೇಲೆ ಉಸಿರಾಡೋ ಹಾಗಾಗಿದೆ. ದೋಸೆ ಕಾವಲಿಗೆ ಮಾತ್ರ ಈ ಉರಿ ಸಾಲದು, ಭಟ್ಟರು ಒಪ್ಪಲೇ ಇಲ್ಲ. ಒಲೆಯಲ್ಲಿ ಗ್ಯಾಸ್ ಬರೋ ತೂತನ್ನ (ಜೆಟ್) ಕೊರೆದು ದೊಡ್ಡದು ಮಾಡಿ ಅನ್ನ, ಸಾಂಬಾರ್, ಬಿಸಿನೀರಿಗೆ ಕೊಟ್ಟೆ, ಕಾವಲಿ ಎಲ್‌ಪಿಜಿಯಲ್ಲೇ ಉಳೀತು.

ಚಳಿಗಾಲದ್ದು ಹೇಳಲೇಬೇಕು, ಪ್ರಸ್ತಾವ ನಿಂತದ್ದೇ ಅದರ ಮೇಲೆ. ರಾತ್ರಿ ಹತ್ತು ಡಿಗ್ರಿಗೆ ಇಳಿದಾಗ ಒಂಬತ್ತರ ಜಾಗದಲ್ಲಿ ನಾಲ್ಕೂವರೆ ಬರ್ತಾ ಇತ್ತು. ಮಾಳಿಗೆ ಮೇಲಿನ ಹಳೇ ಸೋಲಾರ್ ವಾಟರ್ ಹೀಟರ್ ನೀರನ್ನ ಮುಂದಿನ ಟ್ಯಾಂಕಿನೊಳಗೆ ಸುರುಳಿ ಪೈಪಿನಲ್ಲಿ ಓಡಿಸಿ, ದೊಡ್ಡ ಟ್ಯಾಂಕಿಗೆ ಸುತ್ತ ಮರದ ಹೊಟ್ಟು ತುಂಬಿ, ಮುಸುರೆಯನ್ನ ಮಧ್ಯಾಹ್ನ ಮೂರರ ಮೇಲೆ ಬೆಚ್ಚಗೆ ಒಳಗೆ ಬಿಟ್ಟ ಮೇಲೆ ಏಳಕ್ಕೆ ಬಂದು ನಿಂತಿತು. ಪ್ರಸ್ತಾವದಲ್ಲಿ ಆರೂವರೆ ಅಂತ ಬರೆದಿದ್ದೆ. ಯಾವ ಹೊತ್ತಿಗೆ ಎಷ್ಟು ಭಾಗ ಅನ್ನೋ ವೇಳಾಪಟ್ಟಿ ನನ್ನ ಹತ್ತಿರವೇ ಇರಲಿ.

ನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ನಿಂಬೆ ಸಿಪ್ಪೆ ಬಾಲ್ದಿಗಟ್ಟಲೆ ಹಾಕಿದರೆ ಅದರ ಎಣ್ಣೆಯೇ ಸೂಕ್ಷ್ಮಜೀವಿಗಳನ್ನ ಹೊಡೆಯುತ್ತೆ. ಬಟಾಟೆ ವಡೆ ಕರಿದು ಉಳಿದ ಎಣ್ಣೆ ಒಂದು ಲೋಟ ಹಾಕಿದರೆ ಗ್ಯಾಸ್ ಜಿಗಿಯುತ್ತೆ, ಎರಡು ಮೂರು ಲೋಟಕ್ಕೆ ಮೇಲೆ ನೊರೆ ಕಟ್ಟಿ ಪೈಪಿಗೆ ಹತ್ತುತ್ತೆ. ಫಿಲ್ಟರ್ ಕಾಫಿಯ ಚರಟ ನಿಧಾನ, ಆದರೆ ಮೋಸ ಇಲ್ಲ.

ಇಂಧನ ಸಂಶೋಧನೆಗೆ ದುಡ್ಡು ಹೇಗೆ ಹಂಚುತ್ತಾರೆ ಅನ್ನೋದನ್ನೂ ನೋಡಿ. ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ ಮಂಜೂರಾದದ್ದು ₹19,744 ಕೋಟಿ, ಅದರಲ್ಲಿ ಸಂಶೋಧನೆಗೆ ಅಂತ ಎತ್ತಿಟ್ಟದ್ದು 400 ಕೋಟಿ, ನೂರಕ್ಕೆ ಎರಡು. ಹೈಡ್ರೋಜನ್ ಬೇಡ ಅಂತಲ್ಲ. ಪುಣೆಯ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ (ಎನ್‌ಸಿಎಲ್) ಹೈಡ್ರೋಜನ್‌ನಿಂದ ವಿದ್ಯುತ್ ತೆಗೆಯೋ ಫ್ಯುಯೆಲ್ ಸೆಲ್ ಮಾಡ್ತಿರುವವರ ಬಗ್ಗೆ ನನಗೆ ತುಂಬ ಗೌರವ. ಆದರೆ ಮುಸುರೆ ಈ ಊರಲ್ಲಿ ಇವತ್ತೇ ಇದೆ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನ 2016ರ ಘನತ್ಯಾಜ್ಯ ನಿಯಮ ದೊಡ್ಡ ಉತ್ಪಾದಕರು ಅಂತ ಹಿಡಿದಿತ್ತು. ಪುಣೆಯ ಕಸ ಸುರಿಸಿಕೊಂಡ ಉರುಳಿ ದೇವಾಚಿ, ಫುರಸುಂಗಿಯ ಜನ ಲಾರಿ ತಡೆದು ಹೇಳಿದ್ದೂ ಅದನ್ನೇ, ನಿಮ್ಮ ಕಸ ನಿಮ್ಮಲ್ಲೇ ಇಟ್ಕೊಳ್ಳಿ ಅಂತ. ನೂರಕ್ಕೆ ಎರಡರಲ್ಲಿ ಒಂದು ಪಾಲಾದರೂ ಹೋಟೆಲ್ ಹಿತ್ತಲಿನ ಎರಡು ಚಳಿಗಾಲಕ್ಕೆ ಬಿಟ್ಟುಕೊಡುವ ಯೋಜನೆ ಬಂದರೆ ನಾನು ನಾಳೆಯೇ ಅರ್ಜಿ ಹಾಕ್ತೀನಿ.

ಸದ್ಯಕ್ಕೆ ಗೋವಾದ ಮಡಗಾಂವಿನ ಹತ್ತಿರ ಹೋಟೆಲ್ ನಡೆಸುವ ಅಂಕೋಲೆಯವರೊಬ್ಬರು ಮೀನಿನ ತ್ಯಾಜ್ಯ ಸೇರಿಸಬಹುದಾ ಅಂತ ಕೇಳಿದ್ದಾರೆ. ಮೀನಿನಲ್ಲಿ ಸಾರಜನಕ ಜಾಸ್ತಿ, ಒಂದೇ ಹಾಕಿದರೆ ಅಮೋನಿಯಾ ಏರಿ ನಿಲ್ಲಿಸಿಬಿಡುತ್ತೆ. ಅನ್ನ, ಹಿಟ್ಟಿನ ಜೊತೆ ಕಾಲು ಭಾಗ ಹಾಕಿ ನೋಡೋಣ ಅಂದಿದ್ದೀನಿ. ಅಲ್ಲಿ ಚಳಿಯ ಕಾಟ ಇಲ್ಲ. ಡ್ರಮ್ ಸಿದ್ಧವಾಗಿದೆ, ಮೀಟರ್ ಈ ವಾರ ಬರುತ್ತೆ. ಅದು ಬರೋವರೆಗೆ ಒಂದು ಬಕೆಟ್ ಮುಸುರೆಯನ್ನೂ ಒಳಗೆ ಹಾಕಬೇಡಿ ಅಂತ ಅವರಿಗೆ ಹೇಳಿಟ್ಟಿದ್ದೀನಿ.