ಮೇಲ್ ಸ್ಪ್ಯಾಮ್‌ಗೆ ಬೀಳದಿರಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್

ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯ ಇನ್‌ವಾಯ್ಸ್ ಇರಲಿ, ಮಲ್ಪೆಯ ಹೋಮ್‌ಸ್ಟೇಯ ಬುಕಿಂಗ್ ಖಾತರಿ ಇರಲಿ, ಸ್ವಂತ ಡೊಮೈನ್‌ನಿಂದ ಹೋದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದ್ದರೆ ಮೊದಲು ಡಿಎನ್‌ಎಸ್ (ನಿಮ್ಮ ಡೊಮೈನ್‌ನ ವಿವರಗಳನ್ನು ಎಲ್ಲರಿಗೂ ತೋರಿಸುವ ದಾಖಲೆಗಳು) ನೋಡಿ. ಜಿಮೇಲ್‌ಗೆ ಕಳಿಸುವ ಎಲ್ಲರಿಗೂ 2024ರ ಫೆಬ್ರವರಿಯಿಂದ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಅಥವಾ ಡಿಕಿಮ್ (ಮೇಲ್‌ಗೆ ಬೀಳುವ ಡಿಜಿಟಲ್ ಸಹಿ) ಬೇಕೇ ಬೇಕು. ದಿನಕ್ಕೆ 5000 ಮೇಲ್ ದಾಟುವವರಿಗೆ ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಫೇಲ್ ಆದ ಮೇಲನ್ನು ಏನು ಮಾಡಬೇಕೆಂದು ಹೇಳುವ ನೀತಿ) ಸೇರಿ ಮೂರೂ ಕಡ್ಡಾಯ. ಹತ್ತೇ ಮೇಲ್ ಕಳಿಸುವವರೂ ಮೂರನ್ನೂ ಮಾಡಿಕೊಳ್ಳಿ.

ಮೊದಲು ನಿಮ್ಮ ಹೆಸರಲ್ಲಿ ಮೇಲ್ ಕಳಿಸುವುದೆಲ್ಲ ಪಟ್ಟಿಯಾಗಲಿ: ಆಫೀಸ್ ಮೇಲ್, ಬಿಲ್ಲಿಂಗ್ ಸಾಫ್ಟ್‌ವೇರ್, ಆಫರ್ ಕಳಿಸುವ ಸೇವೆ, ವೆಬ್‌ಸೈಟಿನ ಫಾರ್ಮ್. ಈ ಕೊನೆಯದು ಹೆಚ್ಚಿನವರಿಗೆ ಮರೆತೇಹೋಗುತ್ತದೆ. ಆಮೇಲೆ ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆಗಳನ್ನು ಇಟ್ಟುಕೊಂಡಿರುವ ಸರ್ವರ್) ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಡೊಮೈನ್ ಕೊಂಡದ್ದು ಒಂದು ಕಡೆ, ನೇಮ್‌ಸರ್ವರ್ ಹೋಸ್ಟಿಂಗ್‌ನವರ ಬಳಿ ಎಂದಾದರೆ, ಕೊಂಡ ಕಡೆ ಎಷ್ಟು ದಾಖಲೆ ಹಾಕಿದರೂ ಯಾರಿಗೂ ಕಾಣದು.

ಎಸ್‌ಪಿಎಫ್ ಡಿಎನ್‌ಎಸ್‌ನಲ್ಲಿ ಹಾಕುವ ಒಂದು ಟಿಎಕ್ಸ್‌ಟಿ (ಬರಹದ) ದಾಖಲೆ; ಒಂದು ಡೊಮೈನ್‌ಗೆ ಒಂದೇ. ಹೊಸ ಸೇವೆಗೆಂದು ಎರಡನೆಯದು ಹಾಕಿದರೆ ಎರಡೂ ಕೆಲಸಕ್ಕೆ ಬಾರವು. ಇದ್ದ ಸಾಲಿನೊಳಗೇ ಇನ್ನೊಂದು ‘ಇನ್‌ಕ್ಲೂಡ್’ (ಆ ಸೇವೆಯ ಪಟ್ಟಿಯನ್ನೂ ನೋಡಿ ಎಂಬ ಸೂಚನೆ) ಸೇರಿಸಬೇಕು. ಈ ಸಾಲನ್ನು ಪರೀಕ್ಷಿಸುವಾಗ ನಡೆಯುವ ಡಿಎನ್‌ಎಸ್ ಹುಡುಕಾಟ 10ರ ಮಿತಿ ದಾಟಬಾರದು. ಒಂದು ಇನ್‌ಕ್ಲೂಡ್‌ನೊಳಗೆ ಅಡಗಿದ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬರುವುದರಿಂದ, ಬಿಟ್ಟ ಸೇವೆಗಳನ್ನು ಅಳಿಸುತ್ತಿರಿ.

ಡಿಕಿಮ್ ಕೀಲಿಯನ್ನು ಮೇಲ್ ಸೇವೆಯ ಅಡ್ಮಿನ್ ಪುಟದಲ್ಲಿ 2048 ಬಿಟ್‌ಗೆ ತಯಾರಿಸಿ, ಅಲ್ಲಿ ಸಿಕ್ಕ ಟಿಎಕ್ಸ್‌ಟಿ ದಾಖಲೆಯನ್ನು ಡಿಎನ್‌ಎಸ್‌ಗೆ ಹಾಕಿ. ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳು ಹೋಸ್ಟ್ ಹೆಸರಿನ ಕೊನೆಗೆ ಡೊಮೈನನ್ನು ತಾವೇ ಅಂಟಿಸುತ್ತವೆ. ನೀವೂ ಬರೆದರೆ ಅದು ಎರಡೆರಡು ಸಲ ಬಂದು ಕೀಲಿ ಸಿಗುವುದಿಲ್ಲ. ಟಿಎಕ್ಸ್‌ಟಿಯ ಒಂದು ತುಂಡಿಗೆ 255 ಅಕ್ಷರ ಮಿತಿ, ಹಾಗಾಗಿ ಉದ್ದದ ಕೀಲಿಯನ್ನು ಉದ್ಧರಣ ಚಿಹ್ನೆಗಳಲ್ಲಿ ತುಂಡರಿಸಬೇಕಾದೀತು. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ದಾಖಲೆ ಹಾಕಿದ ಮೇಲೆ ‘ಸ್ಟಾರ್ಟ್ ಅಥೆಂಟಿಕೇಶನ್’ ಒತ್ತದಿದ್ದರೆ ನಿಮ್ಮ ಡೊಮೈನ್‌ನ ಸಹಿ ಬೀಳುವುದಿಲ್ಲ.

ಇವೆರಡಕ್ಕೂ 48 ಗಂಟೆ ಕೊಟ್ಟು ಡಿಮಾರ್ಕ್ ಹಾಕಿ. ಹೋಸ್ಟ್ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು: ‘_dmarc’. ನೀತಿ ಮೊದಲಿಗೆ ‘ನನ್’ (none, ಏನೂ ಮಾಡಬೇಡಿ) ಇರಲಿ, ವರದಿ ಬರುವ ವಿಳಾಸವನ್ನೂ ಕೊಡಿ. ಹೆಚ್ಚಿನವರು ಎಡವುವುದು ಇಲ್ಲೇ: ಎಸ್‌ಪಿಎಫ್ ಪಾಸ್ ಆದರೂ ಡಿಮಾರ್ಕ್ ಫೇಲ್ ಆಗಬಹುದು. ಬಿಲ್ಲಿಂಗ್ ಸೇವೆ ತನ್ನದೇ ಡೊಮೈನನ್ನು, ತಲುಪದ ಮೇಲ್ ಹಿಂತಿರುಗುವ ವಿಳಾಸವಾಗಿ ಇಟ್ಟಿದ್ದರೆ ಪಾಸ್ ಆದದ್ದು ಅವರ ಹೆಸರು. ‘ಫ್ರಮ್’ನಲ್ಲಿರುವ ನಿಮ್ಮ ಡೊಮೈನ್‌ಗೆ ಅದು ಹೊಂದುವುದಿಲ್ಲ. ಅಲ್ಲಿ ನಿಮ್ಮ ಡೊಮೈನ್‌ನ ಡಿಕಿಮ್ ಸಹಿ ಹಾಕಿಸುವುದೇ ಪರಿಹಾರ. ಫಾರ್ವರ್ಡ್ ಆದಾಗ ಎಸ್‌ಪಿಎಫ್ ಮುರಿಯುತ್ತದೆ, ಮೇಲ್ ಬದಲಾಗದಿದ್ದರೆ ಡಿಕಿಮ್ ಉಳಿಯುತ್ತದೆ. ಅದಕ್ಕೂ ಈ ಸಹಿಯೇ ಆಧಾರ.

ಪರೀಕ್ಷಿಸಲು ಪಟ್ಟಿಯ ಪ್ರತಿಯೊಂದರಿಂದಲೂ ಒಂದು ಜಿಮೇಲ್ ಖಾತೆಗೆ ಮೇಲ್ ಬರಲಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆ ಒತ್ತಿ, ‘ಶೋ ಒರಿಜಿನಲ್’ ನೋಡಿ. ಮೂರೂ ಪಾಸ್ ಆಗಿ, ಡಿಕಿಮ್ ಪಕ್ಕದಲ್ಲಿ ನಿಮ್ಮದೇ ಡೊಮೈನ್ ಇರಬೇಕು. ಕೆಲವು ವಾರ ವರದಿಗಳಲ್ಲಿ ನಿಮ್ಮ ಯಾವ ಮೇಲೂ ಫೇಲ್ ಆಗದಿದ್ದರೆ ಮಾತ್ರ ನೀತಿಯನ್ನು ‘ಕ್ವಾರಂಟೈನ್’ಗೆ (ಸ್ಪ್ಯಾಮ್‌ಗೆ ಹಾಕಿ), ಆಮೇಲೆ ‘ರಿಜೆಕ್ಟ್’ಗೆ (ತಿರಸ್ಕರಿಸಿ) ಬದಲಾಯಿಸಿ. ಮೊದಲ ದಿನವೇ ರಿಜೆಕ್ಟ್ ಹಾಕಿದರೆ, ಪಟ್ಟಿಯಲ್ಲಿ ಬಿಟ್ಟುಹೋದ ಫಾರ್ಮಿನ ಮೇಲ್ ಸ್ಪ್ಯಾಮ್‌ನಲ್ಲೂ ಸಿಗದು.